ಪಲ್ಲಾಡಿಯೊ ಕಟ್ಟಿದ ಮನೆಯ ಪೋರ್ಟಿಕೊ: ಮೊಗಸಾಲೆಯೋ, ಮುಖಮಂಟಪವೋ?

ಇಟಲಿಯ ವಿಚೆಂಜಾ ಪಟ್ಟಣದ ಹೊರಗಿರುವ 'ವಿಲ್ಲಾ ರೊಟೊಂಡಾ'ದ ಕುರಿತ ಬರಹವೊಂದನ್ನು ಕನ್ನಡಿಸುತ್ತ ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಬೇಕು.

'ವಿಲ್ಲಾ' ಎಂದರೆ ಈಗ ನಮ್ಮವರಿಗೆ ಕಾಂಪೌಂಡಿನೊಳಗೆ ಸಾಲುಗಟ್ಟಿದ ಒಂದೇ ಅಚ್ಚಿನ ಮನೆಗಳು ನೆನಪಾಗುತ್ತವೆಂದು 'ತೋಟದ ಮನೆ' ಎಂದು ಬರೆದೆ. ಕಣಜ, ಕೊಟ್ಟಿಗೆಗಳನ್ನು ಮಗ್ಗುಲಲ್ಲೇ ಇಟ್ಟುಕೊಂಡ ಆ ಸೀಮೆಯ ಬೇರೆ ವಿಲ್ಲಾಗಳಿಗೆ ಅದು ಸಲ್ಲುತ್ತದೆ. ಆದರೆ ಇದು, ರೋಮಿನಲ್ಲಿ ಪೋಪರ ಸೇವೆ ಮುಗಿಸಿ ಊರಿಗೆ ಮರಳಿದ ಪಾವೊಲೊ ಅಲ್ಮೆರಿಕೊ ಎಂಬ ಪಾದ್ರಿಗಾಗಿ 1560ರ ದಶಕದಲ್ಲಿ ವಾಸ್ತುಶಿಲ್ಪಿ ಆಂದ್ರೆಯಾ ಪಲ್ಲಾಡಿಯೊ ರೂಪಿಸಿದ ವಿಹಾರದ ಮನೆ. 1570ರಲ್ಲಿ ಅಚ್ಚಾದ ತನ್ನ ವಾಸ್ತುಗ್ರಂಥದಲ್ಲಿ ಪಲ್ಲಾಡಿಯೊನೇ ಇದನ್ನು, ಪಟ್ಟಣಕ್ಕೆ ತೀರ ಹತ್ತಿರವಿದೆಯೆಂದು, ಪಟ್ಟಣದ ಮನೆಗಳ ಜೊತೆ ಸೇರಿಸಿದ್ದಾನೆ. ಹಾಗಾಗಿ ಹೆಸರಿನ ಭಾಗವೆಂದು 'ವಿಲ್ಲಾ'ವನ್ನೇ ಉಳಿಸಿಕೊಂಡಿದ್ದೇನೆ. ಹತ್ತಲು ಬಹು ಸುಲಭವೆಂದು ಆತ ಬಣ್ಣಿಸಿದ ನೆಲೆಯನ್ನು 'ಬೆಟ್ಟ' ಎಂದರೆ ಓದುಗರು ಚಾಮುಂಡಿಬೆಟ್ಟವನ್ನು ಊಹಿಸಿಕೊಂಡಾರು, 'ದಿಣ್ಣೆ' ಸಾಕು. 'ಗುಮ್ಮಟ'ದ ಬಗ್ಗೆ ತಕರಾರಿಲ್ಲ. ಆತ ನಕ್ಷೆಯಲ್ಲಿ ಬರೆದಿಟ್ಟದ್ದು ಅರೆಗೋಳದ ಗುಮ್ಮಟ. 1580ರಲ್ಲಿ ಆತ ತೀರಿಕೊಂಡ ಮೇಲೆ ಸ್ಕಾಮೊಜ್ಜಿ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ಅದನ್ನು ತಗ್ಗಿಸಿ ಮುಗಿಸಿದ.

ನಿಜವಾದ ತೊಡಕು ಮುಂಭಾಗದ್ದು. ಸುತ್ತಲ ನೋಟಗಳಲ್ಲಿ ಒಂದನ್ನೂ ಬಿಡಬಾರದೆಂದು ಮನೆಯ ನಾಲ್ಕೂ ಬದಿಗೆ ಅಗಲವಾದ ಮೆಟ್ಟಿಲು, ತಲೆಯಲ್ಲಿ ಸುರುಳಿಗಳಿರುವ ಆರಾರು ಅಯೋನಿಕ್ ಕಂಬ, ಅವುಗಳ ಮೇಲೆ ತ್ರಿಕೋನದ ಶಿಖರಪಟ್ಟಿ ಇವೆ. ಈ ಮುಂಭಾಗವೇ 'ಪೋರ್ಟಿಕೊ'. ಆದರೆ ಆ ಪದವೆಂದರೆ ನಮ್ಮಲ್ಲಿ ಕಾರು ನಿಲ್ಲಿಸುವ ಜಾಗ. 'ಮೊಗಸಾಲೆ' ಕನ್ನಡದ ಚೆಲುವಾದ ಪದ, ಆದರೆ ಅದರಲ್ಲಿ ಕಾಣುವುದು ನಾಲ್ಕು ಜನ ಕುಳಿತು ಎಲೆ ಅಡಿಕೆ ಹಾಕುವ ಮನೆಮಾತಿನ ಜಾಗ. ಪಲ್ಲಾಡಿಯೊ ಮಾಡಿದ್ದೋ, ರೋಮನ್ ದೇಗುಲದ ಮುಖವನ್ನು ತಂದು ವಾಸದ ಮನೆಗೆ ತೊಡಿಸಿದ್ದು. ದೇಗುಲಗಳೇ ಮೊದಲು ಮನೆಯನ್ನು ನೋಡಿ ಹುಟ್ಟಿದವೆಂಬುದು ಆತನ ಸಮರ್ಥನೆ. ಈ ಅತಿಶಯವನ್ನು 'ಮುಖಮಂಟಪ'ವೇ ಹಿಡಿಯುತ್ತದೆಂದು ನನಗೆ ತೋರುತ್ತದೆ. ಮನೆಗೆ ಗುಡಿಯ ಪದವೇಕೆಂದು ಓದುಗರು ಒಂದು ಕ್ಷಣ ತಡೆದರೆ ಒಳ್ಳೆಯದೇ.

ಇನ್ನೊಂದು ಪ್ರಶ್ನೆ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಮುಖವಿರುವುದಕ್ಕೆ 'ಚತುರ್ಮುಖ' ಎಂಬ ಸಿದ್ಧಪದವಿದೆ. ಕಾರ್ಕಳದ ಚತುರ್ಮುಖ ಬಸದಿಯೂ ಸುಮಾರು ಅದೇ ಕಾಲದ್ದು, 1586ರದು. ಜಿನಾಲಯಕ್ಕೆ ರೂಢಿಯಾದ ಈ ಪದವನ್ನು ವಾಸದ ಮನೆಗೆ ಬಳಸಿದ ಹಳೆಯ ಪ್ರಯೋಗ ಯಾರಿಗಾದರೂ ಕಂಡಿದೆಯೇ? ಇಲ್ಲವಾದರೆ 'ನಾಲ್ಮೊಗದ ಮನೆ' ಎಂದರೆ ಕಿವಿಗೆ ಒಪ್ಪುತ್ತದೆಯೇ?