ಕೊಂಡುಕುರಿ ಕಾಡಿನ ಅಂಚಿನ ಗೋಕಟ್ಟೆಗೆ ಅನುದಾನ ಎಲ್ಲಿ ಕೇಳುವುದು?

ಜಗಳೂರಿನವ:
ಎಲ್ಲರಿಗೂ ನಮಸ್ಕಾರ. ನಾವು ಜಗಳೂರು ತಾಲ್ಲೂಕಿನ ಕೆಲವು ಗೆಳೆಯರು, ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದ ಪಕ್ಕದ ಊರಿನವರು. 2011ರಲ್ಲಿ ಘೋಷಣೆಯಾದ ಧಾಮ ಇದು, ಸುಮಾರು 77 ಚದರ ಕಿಲೋಮೀಟರ್ ಇದೆ. ನಾಲ್ಕು ಕೊಂಬಿನ ಈ ಪ್ರಾಣಿ ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಅದು ನಮ್ಮೂರ ಹಿಂದೆಯೇ ಓಡಾಡುತ್ತದೆ ಅನ್ನೋದೇ ನಮಗೆ ದೊಡ್ಡ ಹೆಮ್ಮೆ.

ವಿಷಯ ಏನಂದರೆ, ಕೊಂಡುಕುರಿಗೆ ನೀರು ಹತ್ತಿರದಲ್ಲೇ ಬೇಕು. ಬೇಸಿಗೆಯಲ್ಲಿ ಮೇಲಿನ ಹಳ್ಳ ಬತ್ತಿದರೆ ಊರ ಗೋಕಟ್ಟೆಗೆ ಇಳಿಯುತ್ತದೆ, ಇಲ್ಲಿ ನಾಯಿಗಳು ಅಟ್ಟಿಸಿಕೊಂಡು ಹೋಗುತ್ತವೆ. ಕಟ್ಟೆಯಲ್ಲಿ ಹೂಳು ತುಂಬಿದೆ, ಸುತ್ತ ಬಳ್ಳಾರಿ ಜಾಲಿ ಬೆಳೆದಿದೆ. ಹೂಳು ತೆಗೆಸಬೇಕು, ಜಾಲಿ ಕೀಳಿಸಬೇಕು, ಬೇಸಿಗೆ ಮುಗಿಯುವವರೆಗೆ ಕಾವಲಿಗೆ ಒಬ್ಬರನ್ನು ಇಡಬೇಕು. ಸಂಘ ಈಗಷ್ಟೇ ನೋಂದಣಿ ಆಗಿದೆ, ಕೈಯಲ್ಲಿ ದುಡ್ಡಿಲ್ಲ. ಒಬ್ಬರು ವಿದೇಶಿ ಸಂಸ್ಥೆಗಳಿಗೆ ಬರೆಯಿರಿ ಅಂತಾರೆ, ಇನ್ನೊಬ್ಬರು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆ ಹಣ ಕೇಳಿ ಅಂತಾರೆ. ಎಲ್ಲಿಂದ ಶುರು ಮಾಡೋದು?

ದಾವಣಗೆರೆ ಲೆಕ್ಕಪತ್ರ:
ಸಂಘ-ಸಂಸ್ಥೆಗಳ ಲೆಕ್ಕ ನೋಡುವ ಕೆಲಸ ನನ್ನದು, ಹಾಗಾಗಿ ನೇರವಾಗಿ ಹೇಳ್ತೀನಿ. ವಿದೇಶಿ ಹಣದ ಯೋಚನೆ ಸದ್ಯಕ್ಕೆ ಬಿಡಿ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ಸಾಮಾನ್ಯವಾಗಿ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಅವಧಿಯಲ್ಲಿ ಉದ್ದೇಶಿತ ಕೆಲಸಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. ನೋಂದಣಿ ಇರುವ ಬೇರೆ ಸಂಸ್ಥೆ ಆ ಹಣ ಪಡೆದು ನಿಮಗೆ ವರ್ಗಾಯಿಸೋಣ ಅಂದರೂ ಆಗಲ್ಲ, 2020ರ ತಿದ್ದುಪಡಿ ಆ ದಾರಿ ಮುಚ್ಚಿದೆ.

ಸಿಎಸ್‌ಆರ್ ಪರವಾಗಿಲ್ಲ. ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಲೇಬೇಕು. ಕಾನೂನಿನ ಪಟ್ಟಿಯಲ್ಲಿ ಸಸ್ಯ, ಪ್ರಾಣಿ ಸಂರಕ್ಷಣೆಯೂ ಇದೆ. ಆದರೆ ಸಂಸ್ಥೆಗೆ 12ಎ, 80ಜಿ (ಎರಡೂ ಆದಾಯ ತೆರಿಗೆ ವಿನಾಯಿತಿಯವು) ಮತ್ತು ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯಲು ಬೇಕಾದ್ದು) ನೋಂದಣಿ ಕೇಳ್ತಾರೆ, ಅದೇ ಬಗೆಯ ಕೆಲಸದಲ್ಲಿ 3 ವರ್ಷದ ಅನುಭವವನ್ನೂ ಕೇಳ್ತಾರೆ. ನಿಮ್ಮದು ಹೊಸ ಸಂಘ, ಅಲ್ವಾ? ಜಿಲ್ಲೆಯಲ್ಲಿ ಈ ಕೆಲಸ ಮಾಡಿರುವ ಹಳೆಯ ಸಂಸ್ಥೆಯೊಂದರ ಜೊತೆ ಸೇರಿ ಅರ್ಜಿ ಹಾಕಿ. ಹಣ ಅವರ ಖಾತೆಗೆ ಬರಲಿ, ಸ್ಥಳದ ಕೆಲಸ ನೀವು ನೋಡಿಕೊಳ್ಳಿ. ಯಾರು ಏನು ಮಾಡಬೇಕು ಅಂತ ಒಪ್ಪಂದ ಬರೆದಿಟ್ಟುಕೊಳ್ಳಿ, ಸುಮ್ನೆ ಬಾಯಿಮಾತಿನಲ್ಲಿ ಬೇಡ.

ಹೊಳಲ್ಕೆರೆಯಿಂದ, ಮಾಜಿ ಪಂಚಾಯಿತಿ ಸದಸ್ಯೆ:
ತಮ್ಮಾ, ಹಣಕ್ಕಿಂತ ಮೊದಲು ಆ ಗೋಕಟ್ಟೆ ಯಾರ ಜಾಗದಲ್ಲಿದೆ ನೋಡು. ಧಾಮದ ಒಳಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಬುಟ್ಟಿ ಮಣ್ಣೂ ತೆಗೆಯೋಹಾಗಿಲ್ಲ. ಗ್ರಾಮದ ಜಾಗ ಆಗಿದ್ದರೆ ಪಂಚಾಯಿತಿಯಿಂದಲೇ ಶುರು ಮಾಡು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜಾಸ್ತಿ ಕಡೆ ಅದು ಕಾಗದದಲ್ಲಿ ಮಾತ್ರ ಇರುತ್ತೆ. ನೀವು ನಾಲ್ಕು ಜನ ಹೋಗಿ ಅದಕ್ಕೆ ಜೀವ ಕೊಡಿ. ಊರಿನ ಸಸ್ಯ, ಪ್ರಾಣಿಗಳ ಬಗ್ಗೆ ಆ ಸಮಿತಿ ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಕೊಂಡುಕುರಿ, ಗೋಕಟ್ಟೆ ಎರಡೂ ಸೇರಿವೆಯಾ ಅಂತ ಕೇಳಿ, ಇಲ್ಲದಿದ್ದರೆ ಸೇರಿಸಿ. ಗ್ರಾಮಸಭೆಯ ಠರಾವು ಮಾಡಿಸಿ ಅದರ ಪ್ರತಿ ಇಟ್ಟುಕೊಳ್ಳಿ. ಮುಂದೆ ಯಾವ ಬಾಗಿಲು ತಟ್ಟಿದರೂ ಆ ಠರಾವೇ ನಿಮ್ಮ ಕೈ ಹಿಡಿಯೋದು.

ನಮ್ಮ ಕಡೆ ಗಣಿಗಾರಿಕೆಯ ಹಣ ಇದೆ. ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಪರಿಸರ ಸಂರಕ್ಷಣೆ ಆದ್ಯತೆಯ ಬಾಬ್ತು. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿ ಪ್ರದೇಶಕ್ಕೆ ಪರಿಸರ ಪುನಶ್ಚೇತನ ನಿಗಮವೂ ಇದೆ. ಜಗಳೂರು ದಾವಣಗೆರೆ ಜಿಲ್ಲೆಗೆ ಸೇರಿದ್ದು, ಆ ನಿಗಮ ನಿಮಗೆ ಬರಲ್ಲ. ಇಲ್ಲಿಯ ಹೊಸದುರ್ಗ, ಹೊಳಲ್ಕೆರೆ ಹುಡುಗರು ಓದುತ್ತಿದ್ದರೆ ಕೇಳಿಸಿಕೊಳ್ಳಲಿ ಅಂತ ಬರೆದೆ.

ಇನ್ನೊಂದು ಮಾತು. ಹೂಳಿಗೆ ಜೆಸಿಬಿ ಬಾಡಿಗೆ ಮಾತ್ರ ಹಾಕಿ, ಸಾಗಣೆ ಖರ್ಚು ಹಾಕಬೇಡಿ. ಕೆರೆ ಗೋಡು ಅಂದರೆ ರೈತರು ಟ್ರ್ಯಾಕ್ಟರ್ ತಂದು ತಾವೇ ಹೊಲಕ್ಕೆ ಹೊಡೆದುಕೊಳ್ಳುತ್ತಾರೆ. ಬಜೆಟ್ ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ.

ಚಳ್ಳಕೆರೆ ಕಾವಲು:
ಅಣ್ಣ, ಒಂದು ಎಚ್ಚರಿಕೆ. ಹಣ ಕೊಡೋರು ಮೊದಲು ಕೇಳೋದೇ ಎಷ್ಟು ಸಸಿ ನೆಡ್ತೀರಿ ಅಂತ. ಫೋಟೋ ಚೆನ್ನಾಗಿ ಬರುತ್ತೆ, ಲೆಕ್ಕ ಸುಲಭ. ದಯವಿಟ್ಟು ಒಪ್ಪಬೇಡಿ. ರಾಣೆಬೆನ್ನೂರನ್ನೇ ನೋಡಿ. 1974ರಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯ ಮಾಡಿದರು, ಅಲ್ಲಿಯ ಹುಲ್ಲುಬಯಲಿನ ಬಹುಪಾಲು ನೀಲಗಿರಿ ತೋಪಾಯ್ತು. ಬಯಲಲ್ಲಿ ಓಡುವ ಪ್ರಾಣಿಗೆ ಆ ತೋಪು ಏನಕ್ಕೆ? ನಮ್ಮ ಅಮೃತ್ ಮಹಲ್ ಕಾವಲುಗಳನ್ನೂ (ಅಮೃತ್ ಮಹಲ್ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು) ಇಂದಿಗೂ ಪಾಳು ಜಾಗ ಅಂತಲೇ ಬರೀತಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ನಿಮ್ಮದು ಹುಲ್ಲುಬಯಲಲ್ಲ, ಕುರುಚಲು ಕಾಡು. ಅಲ್ಲಿ ಲೆಕ್ಕ ಬೇರೆ. ಕೊಂಡುಕುರಿ ನಾಚಿಕೆಯ ಪ್ರಾಣಿ, ಬಟ್ಟಬಯಲಿಗೆ ಬಂದು ನೀರು ಕುಡಿಯಲ್ಲ. ಕಟ್ಟೆಯ ನಾಲ್ಕೂ ಕಡೆ ಜಾಲಿ ಬೋಳಿಸಿಬಿಟ್ಟರೆ ನೀರಿದ್ದೂ ಪ್ರಯೋಜನ ಇಲ್ಲ. ಕಾಡಿನ ಕಡೆಯ ಪೊದೆ ಹಾಗೇ ಬಿಡಿ, ಅಲ್ಲಿ ದಡ ಇಳಿಜಾರಾಗಿ ಮಾಡಿಸಿ. ಊರ ಕಡೆ ಮಾತ್ರ ಜಾಲಿ ತೆಗೀರಿ. ಕೊಡಲಿಯಿಂದ ಕಡಿಸಬೇಡಿ, ಬುಡದಿಂದ ಮತ್ತೆ ಚಿಗುರುತ್ತೆ, ಬೇರು ಸಮೇತ ಕೀಳಿಸಿ.

ಜಗಳೂರಿನವ:
ಅಕ್ಕ, ಸರ್, ತುಂಬಾ ಉಪಕಾರ ಆಯ್ತು. ಪೊದೆ ಬಿಡುವ ವಿಷಯ ನಮಗೆ ಹೊಳೆದೇ ಇರಲಿಲ್ಲ. ಗೋಕಟ್ಟೆ ಗ್ರಾಮದ ಜಾಗದಲ್ಲೇ ಇದೆ. ಕಾವಲುಗಾರನ ಕೂಲಿಗೆ ಕಂಪನಿಯವರು ದುಡ್ಡು ಕೊಡ್ತಾರಾ?

ದಾವಣಗೆರೆ ಲೆಕ್ಕಪತ್ರ:
ಕೇಳಿದರೆ ಕೊಡ್ತಾರೆ, ಕೇಳದಿದ್ದರೆ ಖಂಡಿತ ಇಲ್ಲ. ಎಲ್ಲರೂ ಕಟ್ಟೋ ಕೆಲಸಕ್ಕೆ ಬಜೆಟ್ ಹಾಕ್ತಾರೆ, ಕಟ್ಟಿದ್ದನ್ನು ನೋಡಿಕೊಳ್ಳೋ ಮನುಷ್ಯನನ್ನು ಮರೀತಾರೆ, ಅದಕ್ಕೇ ಎರಡನೇ ಬೇಸಿಗೆಗೆ ಯೋಜನೆ ಮಲಗಿಬಿಡುತ್ತೆ. ಮೂರು ಬೇಸಿಗೆಯ ಕೂಲಿ ಮೊದಲ ಅರ್ಜಿಯಲ್ಲೇ ಬೇರೆ ಸಾಲಾಗಿ ತೋರಿಸಿ. ಊರಿನ ಕುರಿಗಾಹಿಯನ್ನೇ ಹಾಕಿಕೊಂಡರೆ ಒಳ್ಳೇದು, ನಾಯಿ ಯಾವ ಕಡೆಯಿಂದ ಬರುತ್ತೆ ಅನ್ನೋದು ಅವರಿಗೆ ಗೊತ್ತಿರುತ್ತೆ. ಠರಾವು ಆದಮೇಲೆ ಕರಡು ಅರ್ಜಿ ಇಲ್ಲೇ ಹಾಕಿ, ಲೆಕ್ಕದ ಭಾಗ ನಾನು ನೋಡಿಕೊಡ್ತೀನಿ.