ಸಹಾಯ ಬೇಕು: ಏರ್‌ಗನ್ ಸಿಲಿಂಡರ್ ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಸರಿ ಮಾಡುವುದು) ಶಿವಮೊಗ್ಗ ಕಡೆ ಯಾರು ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಪೇಪರ್ ಟಾರ್ಗೆಟ್‌ಗೆ ಹೊಡೆಯುವ ನನ್ನ 0.177 ಇಂಚಿನ ಗುಂಡು ಹಾಕುವ ಸ್ಪ್ರಿಂಗ್ ಏರ್‌ಗನ್‌ನ ಸಿಲಿಂಡರ್ ಒಳಗೆ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಗುಳಿ ಬಿದ್ದಿದೆ. ಹೊಸ ಪಿಸ್ಟನ್ ಸೀಲ್ ಹಾಕಿದರೂ ಗಾಳಿ ಸೋರುತ್ತಿದೆ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಬೈಕ್ ಬೋರ್ (ಎಂಜಿನ್ ಸಿಲಿಂಡರ್‌ನ ಒಳಕೊಳವೆ) ಮಾಡುವವರನ್ನು ಕೇಳೋಣ ಅಂದುಕೊಂಡಿದ್ದೇನೆ. ಆದರೆ ಬೈಕ್ ಬೋರ್ ಎರಡೂ ಕಡೆ ತೆರೆದಿರುತ್ತದೆ. ನನ್ನ ಏರ್‌ಗನ್ ಸಿಲಿಂಡರ್‌ನ ಒಂದು ತುದಿ ಮುಚ್ಚಿದೆ, ಗಾಳಿ ಹೋಗಲು ಸಣ್ಣ ತೂತು ಅಷ್ಟೇ. ಒತ್ತಡ ಜಾಸ್ತಿ ಏಳುವುದು ಆ ತುದಿಯಲ್ಲೇ. ಹೋನಿಂಗ್ ಕಲ್ಲು ಅಲ್ಲಿಯವರೆಗೆ ಮುಟ್ಟದಿದ್ದರೆ ನಡುವೆ ಅಗಲ, ತುದಿಯಲ್ಲಿ ಬಿಗಿ ಆಗುತ್ತದೆ ಅಲ್ವಾ? ಇದೇ ನನ್ನ ದೊಡ್ಡ ಚಿಂತೆ.

ಇನ್ನೊಂದು, ಫಿನಿಶ್. ಒರಟಾದರೆ ಸೀಲ್ ಬೇಗ ಸವೆಯುತ್ತದೆ. ಕನ್ನಡಿ ಹಾಗೆ ನುಣುಪಾದರೆ ಲೂಬ್ (ಜಾರಲು ಹಚ್ಚುವ ಗ್ರೀಸ್) ನಿಲ್ಲುವುದಿಲ್ಲ. ಸಣ್ಣ ಅಡ್ಡಗೀರು ಇದ್ದರೆ ಒಳ್ಳೆಯದು ಅನ್ನುವುದು ನನ್ನ ಲೆಕ್ಕ. ಸೀಲ್ ಪಾಲಿಯುರೆಥೇನ್‌ದು. 320 ಗ್ರಿಟ್‌ನಿಂದ (ಕಲ್ಲಿನ ಒರಟುತನದ ಅಳತೆ, ಅಂಕಿ ಹೆಚ್ಚಾದಷ್ಟು ನುಣುಪು) ಶುರು ಮಾಡಬೇಕಾ, ನೇರ 400 ಸಾಕಾ? ಗುಳಿ ಪೂರ್ತಿ ಹೋಗುವವರೆಗೆ ಉಜ್ಜಿದರೆ ಬೋರ್ ದೊಡ್ಡದಾಗಿ ಸೀಲ್ ಸಡಿಲವಾಗುತ್ತದೆ. ಎಲ್ಲಿಗೆ ನಿಲ್ಲಿಸಬೇಕು?

ಇಂಥ ಕೆಲಸ ಮಾಡಿದವರು, ಮಾಡಿಸಿದವರು ದಯವಿಟ್ಟು ತಿಳಿಸಿ. ಕೆಲಸ ಅಚ್ಚುಕಟ್ಟಾಗಿದ್ದರೆ ಸಾಗರ, ಭದ್ರಾವತಿಗಾದರೂ ತರುತ್ತೇನೆ.