ರೊಟ್ಟಿ ಬಿಟ್ಟೆ, ತೂಕ ನಿಂತಿತು, ಶಕ್ತಿ ಹೋಯಿತು. ಇನ್ಸುಲಿನ್ ಬಗ್ಗೆ ತಿಳಿದವರು ಹೇಳಿ

ತೊಗರಿಕಣಜ:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ವಯಸ್ಸು 34. ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ದಿನಕ್ಕೆ ಒಂಬತ್ತು ತಾಸು ಕುರ್ಚಿ ಬಿಟ್ಟು ಏಳುವುದಿಲ್ಲ. ಎರಡು ತಿಂಗಳ ಹಿಂದೆ ಜಿಮ್ ಸೇರಿದಾಗ ತೂಕ 86 ಕಿಲೋ, ಎತ್ತರ 5 ಅಡಿ 7 ಇಂಚು. ಹೊಟ್ಟೆ ಕರಗಬೇಕು, ಸ್ವಲ್ಪ ಮೈಕಟ್ಟು ಬರಬೇಕು, ಅಷ್ಟೇ ಆಸೆ.

ಟ್ರೇನರ್ ಮೊದಲ ದಿನವೇ ರೊಟ್ಟಿ, ಅನ್ನ ಎರಡೂ ಬಂದ್ ಮಾಡಿಸಿದರು. ಕಾರ್ಬ್ (ಹಿಟ್ಟು, ಅನ್ನ, ಸಕ್ಕರೆ) ತಿಂದರೆ ಇನ್ಸುಲಿನ್ (ರಕ್ತದ ಸಕ್ಕರೆ ಇಳಿಸುವ ಹಾರ್ಮೋನ್) ಏರುತ್ತದೆ, ಇನ್ಸುಲಿನ್ ಇರುವ ತನಕ ಕೊಬ್ಬಿಗೆ ಬೀಗ ಬಿದ್ದಿರುತ್ತದೆ ಅಂದರು. ನಂಬಿದೆ. ಪನೀರ್, ಶೇಂಗಾ, ಮೊಸರು, ಎಣ್ಣೆಗಾಯಿ, ಇಷ್ಟರ ಮೇಲೇ ಇದ್ದೇನೆ. ಮೊದಲ 15 ದಿನದಲ್ಲಿ ಮೂರೂವರೆ ಕಿಲೋ ಇಳಿಯಿತು, ಖುಷಿಯಾಯಿತು. ಆಮೇಲಿನ ಆರು ವಾರದಲ್ಲಿ ಇಳಿದಿದ್ದು ಬರೀ 300 ಗ್ರಾಂ. 60 ಕಿಲೋ ಹಾಕಿ ಎಂಟು ಸಲ ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು) ಮಾಡುತ್ತಿದ್ದವನು ಈಗ ನಾಲ್ಕಕ್ಕೇ ಕಣ್ಣು ಕತ್ತಲೆ ಬಂದು ನಿಲ್ಲುತ್ತೇನೆ. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತದೆ.

ನಿನ್ನೆ ಅದೇ ಟ್ರೇನರ್, ಮೈಕಟ್ಟು ಬರಬೇಕಾದರೆ ವ್ಯಾಯಾಮ ಆದ ಕೂಡಲೇ ಪ್ರೊಟೀನ್ ಪುಡಿಗೆ ಗ್ಲೂಕೋಸ್ ಹಾಕಿ ಕುಡಿ, ಇನ್ಸುಲಿನ್ ಏರಿದರೇನೇ ಸ್ನಾಯು ಬೆಳೆಯೋದು ಅಂದರು. ಬೆಳಗ್ಗೆ ವೈರಿ, ಸಂಜೆ ಗೆಳೆಯ, ಹೇಗೆ ಸಾಧ್ಯ?

ಇನ್ನೊಂದು ಮಾತು. ಅವ್ವ ದಿನಾ ರೊಟ್ಟಿ ಬಡಿಯುವಾಗ ನನ್ನ ಪಾಲಿನ ಎರಡನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಾಳೆ, ಕೇಳುವುದಿಲ್ಲ, ಸುಮ್ನೆ ಇಡುತ್ತಾಳೆ. ಸಂಜೆ ಅವನ್ನು ತಾನೇ ತಿನ್ನುತ್ತಾಳೆ. ನೋಡಲಿಕ್ಕೆ ಆಗುತ್ತಿಲ್ಲ. ದಯವಿಟ್ಟು ಸರಿಯಾದದ್ದು ಹೇಳಿ. ನಾನು ಮೊಟ್ಟೆ, ಮಾಂಸ ತಿನ್ನುವುದಿಲ್ಲ.

ಬಿಸಿಲೂರು:

ನಿಮ್ಮ ಟ್ರೇನರ್ ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ನಮ್ಮ ತಂದೆಗೆ ಟೈಪ್ 2 ಸಕ್ಕರೆ ಕಾಯಿಲೆ. ಅನ್ನ ಅರ್ಧ ಮಾಡಿದರು, ದಿನಕ್ಕೆ ಆರು ಕಪ್ ಸಕ್ಕರೆ ಚಹಾ ಇದ್ದದ್ದು ಎರಡು ಸಪ್ಪೆ ಚಹಾಕ್ಕೆ ಇಳಿಸಿದರು. ಎಂಟು ತಿಂಗಳಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ಟೆಸ್ಟ್ 9.1ರಿಂದ 7.2ಕ್ಕೆ ಬಂತು. ಒಂಬತ್ತು ಕಿಲೋ ಇಳಿದರು. ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಕಾರ್ಬ್ ಕಡಿಮೆ ಮಾಡೋದು ದಂಡ ಅನ್ನಬೇಡಿ.

ಆಳಂದ_ಚೆಕ್‌ಪೋಸ್ಟ್:

ಇದಕ್ಕೆ ಉತ್ತರ ಬರೆಯಲೇಬೇಕು ಅನಿಸಿತು. ಇನ್ಸುಲಿನ್ ನನ್ನ ಕೈಯಲ್ಲೇ ಇದೆ, ದಿನಕ್ಕೆ ನಾಲ್ಕು ಸೂಜಿ. ನನಗೆ ಟೈಪ್ 1. ಅಂದರೆ ನನ್ನ ಪ್ಯಾಂಕ್ರಿಯಾಸ್ ಇನ್ಸುಲಿನ್ ಮಾಡುವುದೇ ಇಲ್ಲ. ಹನ್ನೆರಡು ವರ್ಷವಾಯಿತು. ಐದು ವರ್ಷದಿಂದ ಜಿಮ್‌ಗೂ ಹೋಗುತ್ತೇನೆ.

ಪಿಯುಸಿ ಎರಡನೇ ವರ್ಷದಲ್ಲಿ ನನಗೆ ವಿಪರೀತ ಹಸಿವು ಶುರುವಾಯಿತು. ಕೂತಲ್ಲಿ ಆರು ರೊಟ್ಟಿ ತಿನ್ನುತ್ತಿದ್ದೆ, ಬಿಂದಿಗೆ ನೀರು ಕುಡಿಯುತ್ತಿದ್ದೆ. ಆದರೂ ಎರಡು ತಿಂಗಳಲ್ಲಿ 58 ಕಿಲೋದಿಂದ 46ಕ್ಕೆ ಬಂದೆ. ತೊಡೆ ಎರಡೂ ನನ್ನ ಮೊಣಕೈ ಹಾಗೆ ಕಾಣುತ್ತಿದ್ದವು. ಒಂದು ದವಾಖಾನೆಯಲ್ಲಿ ಜಂತುಹುಳದ ಗುಳಿಗೆ, ಟಾನಿಕ್ ಕೊಟ್ಟು ಕಳಿಸಿದರು. ಯಾರೂ ಸಕ್ಕರೆ ಪರೀಕ್ಷೆ ಮಾಡಲಿಲ್ಲ. ಮೂರನೇ ವಾರ ವಾಂತಿ, ಏದುಸಿರು. ಬೇರೆ ಕಡೆ ಹೋದಾಗ ಸಕ್ಕರೆ 480.

ಇದನ್ನು ಯಾಕೆ ಹೇಳಿದೆ ಅಂದರೆ, ಇನ್ಸುಲಿನ್ ಇಲ್ಲದ ಮೈ ಹೇಗಿರುತ್ತದೆ ಅಂತ ನಿಮ್ಮ ಟ್ರೇನರ್ ನೋಡಿಲ್ಲ, ನಾನು ಕನ್ನಡಿಯಲ್ಲಿ ನೋಡಿದ್ದೇನೆ. ಕೊಬ್ಬು ಕರಗುತ್ತದೆ, ನಿಜ. ಜೊತೆಗೇ ಸ್ನಾಯುವೂ ಕರಗುತ್ತದೆ, ರಕ್ತ ಆಮ್ಲವಾಗುತ್ತದೆ, ಜೀವ ಹೋಗುತ್ತದೆ. 1921ರಲ್ಲಿ ಟೊರೊಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವವರೆಗೆ ನನ್ನಂಥ ಮಕ್ಕಳನ್ನು ಉಪವಾಸ ಕೆಡವಿ ಒಂದಷ್ಟು ದಿನ ಎಳೆಯುತ್ತಿದ್ದರು, ಅಷ್ಟೇ. 1922ರ ಜನವರಿಯಲ್ಲಿ ಮೊದಲ ಸೂಜಿ ಹಾಕಿಸಿಕೊಂಡ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ, ತೂಕ 30 ಕಿಲೋನೂ ಇರಲಿಲ್ಲ. ಆ ಹುಡುಗ ಆಗಾಗ ನೆನಪಾಗುತ್ತಾನೆ.

ಈಗ ನಿಮ್ಮ "ಬೀಗ". ಮಾತು ಅರ್ಧ ನಿಜ. ಊಟ ಆದ ಮೇಲೆ ಇನ್ಸುಲಿನ್ ಏರುತ್ತದೆ. ಆಗ ಮೈ ಕೈಗೆ ಸಿಕ್ಕ ಸಕ್ಕರೆಯನ್ನು ಉರಿಸುತ್ತದೆ, ಕೊಬ್ಬು ಹೊರಗೆ ಬರುವುದು ಕಡಿಮೆಯಾಗುತ್ತದೆ. ಎರಡು ಮೂರು ತಾಸು ಕಳೆದರೆ ಇನ್ಸುಲಿನ್ ಇಳಿಯುತ್ತದೆ, ಮತ್ತೆ ಕೊಬ್ಬು ಹೊರಬರುತ್ತದೆ. ರಾತ್ರಿ ಮಲಗಿದಾಗ ಪೂರ್ತಿ ಅದೇ ಕೆಲಸ. ಮಿಲ್‌ನ ಗೋದಾಮು ನೆನಪಿಸಿಕೊಳ್ಳಿ. ಹಗಲು ಚೀಲ ಒಳಗೆ ಬರುತ್ತವೆ, ರಾತ್ರಿ ಲಾರಿ ತುಂಬಿ ಹೊರಗೆ ಹೋಗುತ್ತವೆ. ದಾಸ್ತಾನು ಎಷ್ಟು ಉಳಿಯಿತು ಅನ್ನುವುದು ಎರಡರ ಲೆಕ್ಕ ಕೂಡಿಸಿದಾಗಲೇ ಗೊತ್ತಾಗೋದು, ಅಲ್ವಾ? ಆ ಲೆಕ್ಕ ಬರೆಯುವವರು ನೀವೇ.

ಎಣ್ಣೆ, ಶೇಂಗಾ ತಿಂದರೆ ಇನ್ಸುಲಿನ್ ಜಾಸ್ತಿ ಏರಲ್ಲ, ಸರಿ. ಆದರೆ ಕೊಬ್ಬು ಕೂಡಿಡಲು ಮೈಗೆ ಜಾಸ್ತಿ ಇನ್ಸುಲಿನ್ ಬೇಕಾಗಿಯೂ ಇಲ್ಲ. ಸದಾ ಇರುವ ಸ್ವಲ್ಪವೇ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ನೋಡಿ 2018ರಲ್ಲಿ ಬರೆದರು. ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕಿಲೋ ಇಳಿದರು, ಕೊಬ್ಬು ಕಡಿಮೆ ಮಾಡಿದವರು 5.3. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಲ್ಲ. ಯಾರ ಮೈ ಇನ್ಸುಲಿನ್ ಜಾಸ್ತಿ ಸುರಿಸುತ್ತದೆ ಅಂತ ಮೊದಲೇ ಅಳೆದಿದ್ದರು. ಯಾವ ಊಟ ಯಾರಿಗೆ ಹೊಂದುತ್ತದೆ ಅಂತ ಅದರಿಂದ ಹೇಳಲಿಕ್ಕೂ ಆಗಲಿಲ್ಲ.

ನಿಮ್ಮ ಮೊದಲ ಮೂರೂವರೆ ಕಿಲೋದಲ್ಲಿ ಬಹಳಷ್ಟು ನೀರು. ಸ್ನಾಯುವಿನಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ ಸಕ್ಕರೆ ಗ್ಲೈಕೋಜನ್ ಆಗಿ ಕೂತಿರುತ್ತದೆ. ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು. ಅದು ಖಾಲಿಯಾದರೆ ತಕ್ಕಡಿ ಇಳಿಯುತ್ತದೆ, ಹೊಟ್ಟೆ ಇಳಿಯಲ್ಲ. ನಿಮ್ಮ ನಾಲ್ಕು ಸ್ಕ್ವಾಟ್‌ಗೂ ಅದೇ ಕಾರಣ, ಭಾರ ಎತ್ತುವಾಗ ಸ್ನಾಯು ಉರಿಸುವುದು ಅದನ್ನೇ. ಇನ್ಸುಲಿನ್ ಇಳಿದರೆ ಕಿಡ್ನಿ ಉಪ್ಪನ್ನೂ ಜಾಸ್ತಿ ಹೊರಗೆ ಹಾಕುತ್ತದೆ. ನಮ್ಮ ಏಪ್ರಿಲ್ ಬಿಸಿಲಿನ ಬೆವರು ಬೇರೆ. ಮೀನಖಂಡ ಹಿಡಿಯದೆ ಇನ್ನೇನು. ಕಣ್ಣು ಕತ್ತಲೆ ಬರುವುದನ್ನು ಮಾತ್ರ ಒಮ್ಮೆ ಡಾಕ್ಟರಿಗೆ ತೋರಿಸಿ, ರಕ್ತದೊತ್ತಡ ನೋಡಿಸಿಕೊಳ್ಳಿ.

ಗ್ಲೂಕೋಸ್ ನೀರು ಬೇಡ. ಸ್ನಾಯು ಕಟ್ಟಲು ಶುರು ಮಾಡು ಅಂತ ಹೇಳುವುದು ವ್ಯಾಯಾಮ ಮತ್ತು ಪ್ರೊಟೀನ್. ಇನ್ಸುಲಿನ್‌ನ ಪಾಲು ಮುಖ್ಯವಾಗಿ ಇದ್ದದ್ದು ಒಡೆಯದ ಹಾಗೆ ಕಾಯುವುದು. ಅದಕ್ಕೆ ಸಾಧಾರಣ ಊಟದಷ್ಟು ಸಾಕು. ಪ್ರೊಟೀನ್ ತಿಂದರೂ ಇನ್ಸುಲಿನ್ ಏರುತ್ತದೆ, ಸಕ್ಕರೆ ಸುರಿಯಬೇಕಿಲ್ಲ. ನಾನು ತೊಡೆಯ ವ್ಯಾಯಾಮ ಮಾಡಿದ ದಿನ ಅದೇ ಎರಡು ರೊಟ್ಟಿ, ಅದೇ ಬೇಳೆಗೆ ಒಂದೂವರೆ ಯೂನಿಟ್ ಕಡಿಮೆ ಸೂಜಿ ಹಾಕುತ್ತೇನೆ. ಕೆಲಸ ಮಾಡಿದ ಸ್ನಾಯು ಇನ್ಸುಲಿನ್‌ಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಮೀಟರ್‌ನಲ್ಲಿ ಅದನ್ನು ನೋಡುವಾಗ ಇಂದಿಗೂ ಖುಷಿಯಾಗುತ್ತದೆ.

ಬಿಸಿಲೂರು, ನಿಮ್ಮ ತಂದೆ ಮಾಡಿದ್ದು ಒಳ್ಳೆಯದೇ. ಸಕ್ಕರೆ ಚಹಾ, ರಾಶಿ ಅನ್ನ ಬಿಟ್ಟರೆ ಒಳಗೆ ಬರುವ ಚೀಲವೂ ಕಡಿಮೆಯಾಗುತ್ತದೆ. ಟೈಪ್ 2 ಇದ್ದವರಿಗೆ ಕಾರ್ಬ್ ಹಿಡಿತ ನಿಜಕ್ಕೂ ಬೇಕು. ಆದರೆ ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಇಳಿಸಬಾರದು, ಸಕ್ಕರೆ ದಿಢೀರ್ ಕುಸಿಯುತ್ತದೆ.

ಕೈಮುಗಿದು ಇನ್ನೊಂದು ಕೇಳುತ್ತೇನೆ. ಜಿಮ್‌ನಲ್ಲಿ ಯಾರಾದರೂ ಮೈಕಟ್ಟಿಗೆ ಇನ್ಸುಲಿನ್ ಸೂಜಿ ಹಾಕಿಕೋ ಅಂದರೆ ಎದ್ದು ಬನ್ನಿ. ಒಬ್ಬ ಹುಡುಗ ನನ್ನ ಹತ್ತಿರವೇ ಕೇಳಿದ್ದ. ಇಷ್ಟು ವರ್ಷ ಅಳೆದು ಹಾಕುವ ನನಗೇ ಎರಡು ಸಲ ಸಕ್ಕರೆ 40ಕ್ಕೆ ಬಿದ್ದಿದೆ. ಒಮ್ಮೆ ನನ್ನ ತಮ್ಮ ನನ್ನ ಬಾಯಿಗೆ ಬೆಲ್ಲದ ನೀರು ಹನಿಸಿ ಉಳಿಸಿದ.

ಅಡುಗೆಮನೆ_ಲೆಕ್ಕ:

ನಾನು ಮನೆಯಲ್ಲಿ ತೂಗಿ ನೋಡಿದ್ದು ಹೇಳುತ್ತೇನೆ. ನಮ್ಮ ಕೈಯ ಒಂದು ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯುತ್ತದೆ. ಸುಮಾರು 175 ಕ್ಯಾಲರಿ, 5 ಗ್ರಾಂ ಪ್ರೊಟೀನ್. ಎರಡು ದೊಡ್ಡ ಚಮಚ ಶೇಂಗಾ ಹಿಂಡಿ 30 ಗ್ರಾಂ ತೂಗಿತು, ಅದೂ ಹತ್ತಿರ ಹತ್ತಿರ ಅಷ್ಟೇ ಕ್ಯಾಲರಿ! ಎಣ್ಣೆ ನೋಡಿ. ನಮ್ಮಲ್ಲಿ ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಹೋಗುತ್ತಿತ್ತು. ಹಂಚಿದರೆ ಒಬ್ಬರಿಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲರಿ. ಎರಡು ರೊಟ್ಟಿಯಷ್ಟು. ಈಗ ಮೂರು ಲೀಟರ್‌ಗೆ ಇಳಿಸಿದ್ದೇವೆ. ನೀವು ರೊಟ್ಟಿ ಬಿಟ್ಟು ಎಣ್ಣೆಗಾಯಿ, ಶೇಂಗಾ, ಪನೀರ್ ಜಾಸ್ತಿ ಮಾಡಿದ್ದೀರಿ. ತೂಕ ಅಲ್ಲೇ ನಿಂತಿದೆ.

ಜೋಳದ ಪ್ರೊಟೀನ್‌ನಲ್ಲಿ ಲೈಸಿನ್ (ಮೈಗೆ ಬೇಕಾದ ಪ್ರೊಟೀನ್‌ನ ಒಂದು ಅಂಶ) ಕಡಿಮೆ, ತೊಗರಿ ಬೇಳೆಯಲ್ಲಿ ಅದು ಚೆನ್ನಾಗಿದೆ. ರೊಟ್ಟಿ ಜೊತೆ ಗಟ್ಟಿ ಬೇಳೆ ಇದ್ದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ನಮ್ಮ ತೊಗರಿಗೆ 2019ರಲ್ಲಿ ಜಿಐ (ಇಂಥ ಊರಿನದು ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ನೀವು ದಿನಾ ಅದರ ಚೀಲ ಎಣಿಸುತ್ತೀರಿ. ತಟ್ಟೆಯಲ್ಲೂ ಇರಲಿ. ಬೇಳೆ ತೆಳ್ಳಗೆ ಕಟ್ಟು ಮಾಡಿದರೆ ಬಟ್ಟಲಲ್ಲಿ ನೀರೇ ಇರುತ್ತದೆ, ನೆನಪಿಡಿ.

ತೊಗರಿಕಣಜ:

ಎಲ್ಲರಿಗೂ ಮನಸಾರೆ ಧನ್ಯವಾದ. ಚೆಕ್‌ಪೋಸ್ಟ್ ಅವರೇ, ನಿಮ್ಮ ಬರಹ ಎರಡು ಸಲ ಓದಿದೆ, ಅವ್ವನಿಗೂ ಓದಿ ಹೇಳಿದೆ. ಮೂರು ಅನುಮಾನ ಉಳಿದಿವೆ. ಬಿಸಿಲಿಗೆ ಹೆದರಿ ಬೆಳಗ್ಗೆ ಐದೂವರೆಗೇ ಜಿಮ್‌ಗೆ ಹೋಗುತ್ತೇನೆ, ಆಗ ಏನು ತಿನ್ನಲಿ? ರಾತ್ರಿ ರೊಟ್ಟಿ ತಿಂದರೆ ಕೊಬ್ಬಾಗುತ್ತದೆ ಅನ್ನುತ್ತಾರಲ್ಲ? ಮತ್ತೆ ಪ್ರೊಟೀನ್ ಎಷ್ಟು ಬೇಕು?

ಆಳಂದ_ಚೆಕ್‌ಪೋಸ್ಟ್:

ರಾತ್ರಿ ಎಂಟಕ್ಕೆ ಎರಡು ರೊಟ್ಟಿ, ಗಟ್ಟಿ ಬೇಳೆ, ಪುಂಡಿ ಪಲ್ಯ ಧೈರ್ಯವಾಗಿ ತಿನ್ನಿ. ದಿನದ ಒಟ್ಟು ಲೆಕ್ಕದೊಳಗೆ ಇದ್ದರೆ ಸಾಕು, ಗಡಿಯಾರ ನೋಡಬೇಕಿಲ್ಲ. ನಿದ್ದೆಯಲ್ಲಿ ಲಿವರ್‌ನ ಸಕ್ಕರೆ ಖರ್ಚಾಗುತ್ತದೆ, ಸ್ನಾಯುವಿನದು ಬಹುತೇಕ ಹಾಗೇ ಉಳಿಯುತ್ತದೆ. ರಾತ್ರಿಯ ರೊಟ್ಟಿಯೇ ಬೆಳಗಿನ ಸ್ಕ್ವಾಟ್. ಎದ್ದ ಮೇಲೆ ಒಂದು ಬಾಳೆಹಣ್ಣು, ಒಂದು ಲೋಟ ನೀರು. ಬಂದ ಮೇಲೆ ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ.

ಭಾರ ಎತ್ತುವವರಿಗೆ ತೂಕದ ಕಿಲೋಗೆ 1.6 ಗ್ರಾಂ ಪ್ರೊಟೀನ್ ಅನ್ನುತ್ತಾರೆ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಅಲ್ಲ. ಸಸ್ಯಾಹಾರದಲ್ಲಿ ಅಲ್ಲಿಗೆ ಮುಟ್ಟೋದು ಕಷ್ಟ, ಮೊದಲು 100 ಗ್ರಾಂ ಗುರಿ ಇಡಿ. 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15 ಗ್ರಾಂ ಸಿಗುತ್ತದೆ. ಬೇಳೆ, ಮೊಸರು, ಹಾಲು, ಸ್ವಲ್ಪ ಪನೀರ್ ಕೂಡಿಸಿ, ಕಡಿಮೆ ಬಿದ್ದರೆ ಒಂದು ಚಮಚ ಪ್ರೊಟೀನ್ ಪುಡಿ. ರೊಟ್ಟಿ ಮತ್ತೆ ಶುರು ಮಾಡಿದ ವಾರ ತಕ್ಕಡಿ ಒಂದೆರಡು ಕಿಲೋ ಜಾಸ್ತಿ ತೋರಿಸುತ್ತದೆ. ಅದು ವಾಪಸ್ ಬಂದ ನೀರು, ಗಾಬರಿಯಾಗಿ ಮತ್ತೆ ಬಿಡಬೇಡಿ. ಸೊಂಟಕ್ಕೆ ಟೇಪ್ ಹಿಡಿದು ಇವತ್ತೇ ಬರೆದಿಟ್ಟುಕೊಳ್ಳಿ, ನಾಲ್ಕು ವಾರ ಬಿಟ್ಟು ಅದೇ ಜಾಗದಲ್ಲಿ ಅಳೆದು ಇಲ್ಲಿ ಹೇಳಿ.